ಮೈಸೂರು ಬ್ಯಾಂಕಿನಿಂದ ಮೆಜೆಸ್ಟಿಕ್ಕಿನವರೆಗೆ

ಬೆಂಗಳೂರಿನ ಕೆಂಪೇಗೌಡ ರಸ್ತೆಗೆ ಇರುವ ವೈಶಿಷ್ಟ್ಯ ನಮ್ಮ ನಾಡಿನ ಬೇರೆ ರಸ್ತೆಗಳಿಗೆ ಇರುವುದು ಅಪರೂಪ. ಈಗ ಇಲ್ಲದ ಒಂದು ಬ್ಯಾಂಕಿನಿಂದ ಹೊರಟು, ಈಗ ಇಲ್ಲದ ಒಂದು ಚಿತ್ರಮಂದಿರವನ್ನು ಈ ರಸ್ತೆ ತಲುಪುತ್ತದೆ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಆದರೂ ಜನರ ಬಾಯಲ್ಲಿ ಆ ವೃತ್ತ ಮೈಸೂರು ಬ್ಯಾಂಕ್ ವೃತ್ತವೇ. ಮೆಜೆಸ್ಟಿಕ್ ಎಂಬ ಚಿತ್ರಮಂದಿರ ನೆಲಸಮವಾಗಿ ವರ್ಷಗಳೇ ಸಂದಿವೆ. ಆದರೂ ನಾಡಿನ ಮೂಲೆಮೂಲೆಗಳಿಂದ ಬರುವ ಬಸ್ಸುಗಳ ಕಂಡಕ್ಟರುಗಳು "ಮೆಜೆಸ್ಟಿಕ್, ಮೆಜೆಸ್ಟಿಕ್" ಎಂದೇ ಕೂಗುತ್ತಾರೆ. ಆ ಬಸ್ಸುಗಳು ಬಂದು ನಿಲ್ಲುವ ಜಾಗವಾದರೂ ಧರ್ಮಾಂಬುಧಿ ಎಂಬ ಕೆರೆಯ ಅಂಗಳ. ಕೆರೆ ಬತ್ತಿ ನಿಲ್ದಾಣವಾಯಿತು. ಅಳಿದ ವಸ್ತುಗಳ ಹೆಸರನ್ನು ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿರುವ ರಸ್ತೆಯನ್ನು ಕಂಡಾಗ, ಜನರ ನಾಲಗೆಗಿಂತ ಗಟ್ಟಿಯಾದ ಶಿಲಾಶಾಸನವಿಲ್ಲವೆನಿಸುತ್ತದೆ.

ರಸ್ತೆಯ ಉದ್ದ ಹೆಚ್ಚಿನದಲ್ಲ. ಅವಸರವಿಲ್ಲದ ಮನುಷ್ಯ ಇಪ್ಪತ್ತು ನಿಮಿಷಗಳಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಹೋಗಬಹುದು. ಮೂಡಣ ತುದಿಯ ಆಸುಪಾಸಿನಲ್ಲಿ ಕಾಲೇಜುಗಳು. 1858ರಲ್ಲಿ ಒಂದು ಶಾಲೆಯಾಗಿ ಹುಟ್ಟಿದ ಸೆಂಟ್ರಲ್ ಕಾಲೇಜು, ಸರಕಾರಿ ಕಲಾ ಕಾಲೇಜು, ವಿಜ್ಞಾನ ಕಾಲೇಜು, ಹೆಣ್ಣುಮಕ್ಕಳ ಮಹಾರಾಣಿ ಕಾಲೇಜು, ಇವೆಲ್ಲ ಕೂಗಳತೆಯಲ್ಲಿವೆ ಎಂದರೂ ನಡೆದೀತು. ಪಡುವಣ ತುದಿಯಲ್ಲಿ ಚಿತ್ರಮಂದಿರಗಳ ಸಾಲು. ಸರಸ್ವತಿಯ ಮನೆಗೂ ಬೆಳ್ಳಿತೆರೆಯ ಮನೆಗೂ ನಡುವೆ ಇಷ್ಟು ಕಡಮೆ ಅಂತರವನ್ನಿಟ್ಟ ಪುಣ್ಯಾತ್ಮರು ಯಾರೆಂಬುದು ತಿಳಿಯದು. "ಓದಲು ಹೋದ ಹುಡುಗ ಮ್ಯಾಟಿನಿಗೆ ಹೋದ" ಎಂದು ಮೂರು ತಲೆಮಾರುಗಳ ತಂದೆತಾಯಿಗಳು ಹಲುಬಿರುವುದಕ್ಕೆ ಹುಡುಗರ ಸ್ವಭಾವದಷ್ಟೇ ಈ ಭೂಗೋಳವೂ ಕಾರಣ.

ಮೂಡಣ ತುದಿಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತೇನೆ. ಪೋಷಕರ ಸಭೆಯಲ್ಲಿ ತಪ್ಪದೆ ಬರುವ ಪ್ರಶ್ನೆಗಳಲ್ಲಿ ಒಂದು ಇದು: "ಶನಿವಾರ, ಭಾನುವಾರ ನಮ್ಮ ಹುಡುಗ ಏನು ಮಾಡುತ್ತಾನೆ, ಮೇಷ್ಟ್ರೇ?" ಎಲ್ಲ ಹುಡುಗರ ಪರವಾಗಿ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಒಬ್ಬ ವಿದ್ಯಾರ್ಥಿಯ ಒಂದು ವಾರಾಂತ್ಯವನ್ನು ಮಾತ್ರ ಸಮೀಪದಿಂದ ಕಂಡಿದ್ದೇನೆ. ಅದನ್ನು ಹೇಳಿದರೆ ಆ ರಸ್ತೆಯ ವೃತ್ತಾಂತವನ್ನೂ ಹೇಳಿದಂತಾಗುತ್ತದೆ.

ಹುಡುಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆಯವನು. ಬಿ.ಎ. ಕೊನೆಯ ವರ್ಷ. ಮನೆಯಲ್ಲಿ ಐದು ಎಕರೆ ಜಮೀನು. ಮಳೆ ಕೃಪೆಮಾಡಿದರೆ ಈರುಳ್ಳಿ, ಇಲ್ಲದಿದ್ದರೆ ನೆರೆಹೊರೆಯವರ ಸಾಂತ್ವನ. ತಂದೆಗೆ ಅವನೊಬ್ಬನೇ ಗಂಡುಮಗ. ಅವನು ಬಿ.ಎಡ್. ಮುಗಿಸಿ ಸಮೀಪದ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿ, ಬೆಳಗ್ಗೆ ಸಂಜೆ ಜಮೀನನ್ನೂ ನೋಡಿಕೊಳ್ಳಬೇಕೆಂಬುದು ಮನೆಯ ಯೋಜನೆ. ಹುಡುಗನ ಯೋಜನೆ ಬೇರೆ. ಪುಣೆಯಲ್ಲಿ, ಹಿಂದೆ ಪ್ರಭಾತ್ ಸ್ಟುಡಿಯೋ ಇದ್ದ ಆವರಣದಲ್ಲಿ, 1960ರಲ್ಲಿ ಆರಂಭವಾದ ಚಲನಚಿತ್ರ ಸಂಸ್ಥೆಯಿದೆಯಷ್ಟೆ; ಪದವಿ ಮುಗಿದ ಮೇಲೆ ಅಲ್ಲಿನ ಪ್ರವೇಶ ಪರೀಕ್ಷೆಗೆ ಕುಳಿತು ಚಿತ್ರಸಂಕಲನವನ್ನು ಕಲಿಯಬೇಕೆಂಬುದು ಅವನ ಆಸೆ. ಈ ಆಸೆಯನ್ನು ನನಗೆ ಹೇಳಿದ್ದ; ಮನೆಯಲ್ಲಿ ಹೇಳಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನು ತನ್ನ ನೋಟುಬುಕ್ಕಿನ ಒಂದು ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟ. ಅಡಿಗೋಲಿನಿಂದ ಎಳೆದ ಮೂರು ಅಂಕಣಗಳು. ಮೊದಲನೆಯದು "ಪಾಠ", ಎರಡನೆಯದು "ಚಿತ್ರ", ಮೂರನೆಯದು "ಇತರ". ಸೋಮವಾರದೊಳಗೆ ಅವನು ಆಂತರಿಕ ಮೌಲ್ಯಮಾಪನಕ್ಕಾಗಿ ಒಂದು ಪ್ರಬಂಧವನ್ನು ಒಪ್ಪಿಸಬೇಕಾಗಿತ್ತು. ವಿಷಯವನ್ನು ಕೊಟ್ಟವನು ನಾನೇ: ಚೋಮನ ದುಡಿ, ಕಾದಂಬರಿಯಾಗಿ ಮತ್ತು ಚಲನಚಿತ್ರವಾಗಿ. ಇದಲ್ಲದೆ ಇತಿಹಾಸದ ಕಿರುಪರೀಕ್ಷೆ ಬೇರೆ. ಎರಡನೆಯ ಅಂಕಣದಲ್ಲಿ ಮೂರು ಚಿತ್ರಗಳಿಗೆ ಮೂರು ಹೊತ್ತುಗಳು ಗೊತ್ತಾಗಿದ್ದುವು. ಮೂರನೆಯ ಅಂಕಣದಲ್ಲಿ ಒಂದೇ ಸಾಲು: "ಅಪ್ಪನಿಗೆ ಹೇಳುವುದು." ಅದರ ಮುಂದೆ ಹೊತ್ತನ್ನು ಬರೆದಿರಲಿಲ್ಲ.

"ಇದಕ್ಕೆ ವೇಳೆ ಯಾವಾಗ?" ಎಂದೆ.

"ಅಪ್ಪ ನಾಳೆ ಈರುಳ್ಳಿ ಲೋಡಿನ ಜೊತೆ ಬರ್ತಾರೆ, ಸಾರ್. ಭಾನುವಾರ ಸಂಜೆ ಹೊರಡ್ತಾರೆ. ಅಷ್ಟರಲ್ಲಿ ಯಾವಾಗಲಾದರೂ…" ಎಂದು ಹುಡುಗ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಶುಕ್ರವಾರದ ರಾತ್ರಿಯ ಚಿತ್ರ ಹಾಸ್ಟೆಲಿನ ಕೋಣೆಯಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ. ಪುಟ್ಟಣ್ಣ ಕಣಗಾಲರ "ನಾಗರಹಾವು." ತ.ರಾ.ಸು. ಅವರ ಕಾದಂಬರಿಗಳಿಂದ ಮೂಡಿ 1972ರಲ್ಲಿ ತೆರೆಕಂಡ ಈ ಚಿತ್ರ ದುರ್ಗದ ಕಡೆಯ ಹುಡುಗರಿಗೆ ಕುಲದೈವದಂತೆ. ಕೋಟೆಯ ಬಂಡೆಗಳ ಮೇಲೆ ಓಡಾಡುವ ರಾಮಾಚಾರಿಯನ್ನೂ, ಅವನನ್ನು ತಿದ್ದಹೊರಟ ಚಾಮಯ್ಯ ಮೇಷ್ಟ್ರನ್ನೂ ಇವನು ಎಷ್ಟು ಸಲ ಕಂಡಿದ್ದಾನೆಂಬ ಲೆಕ್ಕ ಅವನಿಗೇ ಇಲ್ಲ. ಆದರೆ ಈ ಸಲ ನೋಡಿದ ರೀತಿ ಬೇರೆ. ಒಂದೊಂದು ದೃಶ್ಯವನ್ನೂ ನಿಲ್ಲಿಸಿ, ಹಿಂದಕ್ಕೆ ಹೋಗಿ, ಎಲ್ಲಿ ಕತ್ತರಿಸಿದ್ದಾರೆ, ಒಂದು ಮುಖ ತೆರೆಯ ಮೇಲೆ ಎಷ್ಟು ಸೆಕೆಂಡು ನಿಂತಿದೆ, ಮಾತು ಮುಗಿದ ಮೇಲೂ ಕ್ಯಾಮರಾ ಯಾರ ಮೇಲೆ ಉಳಿಯಿತು ಎಂಬುದನ್ನು ಪಟ್ಟಿಮಾಡಿದ್ದ. ಮರುದಿನ ಆ ಪಟ್ಟಿಯನ್ನು ಕಂಡಾಗ, ನಾವು ಹಳಗನ್ನಡದ ಪದ್ಯಕ್ಕೆ ಪ್ರಸ್ತಾರ ಹಾಕಿ ಗುರು ಲಘುಗಳನ್ನು ಗುರುತಿಸುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲವೆನಿಸಿತು. ಛಂದಸ್ಸಿನ ತರಗತಿಯಲ್ಲಿ ಆಕಳಿಸುವ ಹುಡುಗ ರಾತ್ರಿ ಹನ್ನೊಂದರವರೆಗೆ ಎಚ್ಚರವಿದ್ದು ಚಿತ್ರಕ್ಕೆ ಪ್ರಸ್ತಾರ ಹಾಕಿದ್ದ!

ಶನಿವಾರ ತರಗತಿಗಳು ಮಧ್ಯಾಹ್ನಕ್ಕೆ ಮುಗಿದುವು. ಆ ದಿನದ ಚಿತ್ರ ಸಂಜೆ ಬನಶಂಕರಿಯಲ್ಲಿ. ನಾನೂ ಹೋಗುವವನಿದ್ದೆನಾದ್ದರಿಂದ ಇಬ್ಬರೂ ಒಟ್ಟಿಗೆ ಹೊರಟೆವು. ಮೈಸೂರು ಬ್ಯಾಂಕ್ ವೃತ್ತದಲ್ಲಿ ಮೊದಲು ಎಡಕ್ಕೆ ತಿರುಗಿ ಅವೆನ್ಯೂ ರಸ್ತೆಯನ್ನು ಹೊಕ್ಕೆವು. ಹಳೆಯ ಪುಸ್ತಕಗಳ ಈ ಇಕ್ಕಟ್ಟಿನ ಬೀದಿಯನ್ನು ಕಾಣದೆ ಬೆಂಗಳೂರಿನಲ್ಲಿ ಪದವಿ ಪಡೆದವರು ವಿರಳ. ಒಬ್ಬರು ಅಡಿಗೆರೆ ಎಳೆದು ಓದಿದ ಪುಸ್ತಕವನ್ನು ಇನ್ನೊಬ್ಬರು ಅರ್ಧ ಬೆಲೆಗೆ ಕೊಂಡು ಅದೇ ಗೆರೆಗಳ ಮೇಲೆ ಓದಿ ಪಾಸಾಗುತ್ತಾರೆ. ಹುಡುಗನಿಗೆ ಇತಿಹಾಸದ ಪಠ್ಯ ದೊರೆಯಿತು. ಅಂಗಡಿಯವನು ಹೇಳಿದ ಬೆಲೆಯಿಂದ ಮೂವತ್ತು ರೂಪಾಯಿ ಇಳಿಸುವುದಕ್ಕೆ ಅವನು ತೋರಿದ ಚಾತುರ್ಯವನ್ನು ಕಂಡು, ಈರುಳ್ಳಿ ಮಂಡಿಯ ಸಂಸ್ಕಾರ ವ್ಯರ್ಥವಾಗುವುದಿಲ್ಲ ಎಂದುಕೊಂಡೆ.

ಅಲ್ಲಿಂದ ವೃತ್ತಕ್ಕೆ ಮರಳಿ ಕೆಂಪೇಗೌಡ ರಸ್ತೆಯಲ್ಲಿ ಪಶ್ಚಿಮಾಭಿಮುಖವಾಗಿ ನಡೆದೆವು. ಇದು ಎಚ್ಚರದಿಂದ ನಡೆಯಬೇಕಾದ ರಸ್ತೆ. ನ್ಯಾಯಾಲಯಕ್ಕೆ ಬಂದ ಕಕ್ಷಿಗಾರರು, ಸರಕಾರಿ ಕಚೇರಿಗಳ ಮೆಟ್ಟಲೇರಿ ಇಳಿದು ಬೇಸತ್ತವರು, ಗಂಟುಮೂಟೆ ಹೊತ್ತ ಪ್ರಯಾಣಿಕರು, ಬೆಲ್ಟು, ಕನ್ನಡಕ, ಮೊಬೈಲಿನ ಕವಚಗಳನ್ನು ಹರಡಿಕೊಂಡು ಕುಳಿತವರು, ಇವರೆಲ್ಲರ ನಡುವೆ ದಾರಿ ಮಾಡಿಕೊಳ್ಳಬೇಕು. ತಲೆಯೆತ್ತಿ ನೋಡುವಷ್ಟು ವ್ಯವಧಾನವಿದ್ದವರಿಗೆ ಮಾತ್ರ ಇದು ಚಿತ್ರಮಂದಿರಗಳ ರಸ್ತೆಯೆಂದು ತಿಳಿಯುತ್ತದೆ. ಅವುಗಳಲ್ಲಿ ಎಷ್ಟು ಅಳಿದಿವೆ ಎಂಬುದು ತಿಳಿಯಬೇಕಾದರೆ ಹಳಬರು ಜೊತೆಯಲ್ಲಿರಬೇಕು.

ನಾನು ಅಷ್ಟೇನೂ ಹಳಬನಲ್ಲ. ಆದರೂ ಹುಡುಗನಿಗೆ ತೋರಿಸಲು ನನ್ನಲ್ಲಿ ಒಂದಿಷ್ಟು ಗೋಡೆಗಳಿದ್ದುವು. 1972ರಲ್ಲಿ ತೆರೆಕಂಡ "ಬಂಗಾರದ ಮನುಷ್ಯ" ಎರಡು ವರ್ಷ ಕದಲದೆ ನಿಂತದ್ದು ಇದೇ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ. ಅದೇ ಮುಂದೆ ಭೂಮಿಕಾ ಎಂದಾಯಿತು. ಸಾಗರ್ ಇದ್ದ ಎಡೆಯಲ್ಲಿ ಜವಳಿ ಮಳಿಗೆ ಎದ್ದಿತು. ಅಲಂಕಾರ್ ಹೋಗಿ ಅದರ ಹೆಸರು ಒಂದು ವ್ಯಾಪಾರ ಸಂಕೀರ್ಣದ ಫಲಕದ ಮೇಲೆ ಉಳಿಯಿತು. ಇನ್ನು ಕಪಾಲಿ! 1968ರಲ್ಲಿ ಬಾಗಿಲು ತೆರೆದಾಗ ಸಾವಿರಕ್ಕೂ ಮಿಕ್ಕಿ ಆಸನಗಳಿದ್ದ ಮಹಾಮಂದಿರ ಅದು. 1995ರ "ಓಂ" ಚಿತ್ರ ಅಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗುತ್ತಿತ್ತು. ಬಿಡುಗಡೆಯಾದಾಗಲೆಲ್ಲ ಹೊಸ ಚಿತ್ರವೆಂಬಂತೆ ಜನ ಮುತ್ತುತ್ತಿದ್ದರು. 2017ರಲ್ಲಿ ಕಪಾಲಿಯೂ ತೆರೆ ಎಳೆಯಿತು.

"ಸಾರ್, ನಾನು ಬೆಂಗಳೂರಿಗೆ ಬರೋದರೊಳಗೆ ಎಲ್ಲಾ ಮುಗಿದುಹೋಗಿತ್ತು" ಎಂದ ಹುಡುಗ, ತಡವಾಗಿ ಊಟಕ್ಕೆ ಬಂದವನ ಧ್ವನಿಯಲ್ಲಿ.

ಎಲ್ಲವೂ ಮುಗಿದಿಲ್ಲ. ಹೊಸ ಕನ್ನಡ ಚಿತ್ರ ಬಂದ ದಿನ ಇಲ್ಲಿ ಉಳಿದಿರುವ ಮಂದಿರಗಳ ಮುಂದೆ ಆಳೆತ್ತರವನ್ನು ಮೀರಿದ ಕಟ್‌ಔಟು ಏಳುತ್ತದೆ, ಹೂವಿನ ಹಾರ ಬೀಳುತ್ತದೆ, ತಮಟೆ ಮೊಳಗುತ್ತದೆ. ಆದರೆ ಹುಡುಗನ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಅವನಿಗೆ ಸಮಾಧಾನವಾಗಲೆಂದು ಸಮೀಪದಲ್ಲೇ ಇರುವ ಇನ್ನೊಂದು ಕಟ್ಟಡದ ಕಥೆಯನ್ನು ಹೇಳಿದೆ. ಶೇಷಾದ್ರಿ ರಸ್ತೆಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣದ ಶಿಕ್ಷಣ ಆರಂಭವಾಗಿತ್ತು. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಎಂಬ ತರುಣ ಅಲ್ಲಿ ಕಲಿತು ಮುಂಬಯಿಗೆ ಹೋದರು. ಗುರುದತ್ತರ ಚಿತ್ರಗಳಿಗೆ ಬೆಳಕನ್ನು ಕಟ್ಟಿಕೊಟ್ಟರು. 1959ರ "ಕಾಗಜ್ ಕೆ ಫೂಲ್" ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಛಾಯಾಗ್ರಾಹಕರು ಅವರೇ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಗೋವಿಂದ ನಿಹಲಾನಿ ಅವರೂ ಅದೇ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿ. ಇಲ್ಲಿನ ಮಂದಿರಗಳಲ್ಲಿ ಚಿತ್ರ ನೋಡುವವರಷ್ಟೇ ಅಲ್ಲ, ಚಿತ್ರ ಮಾಡುವವರೂ ಈ ಸುತ್ತಿನಲ್ಲೇ ಪುಸ್ತಕ ಹಿಡಿದು ನಡೆದಾಡಿದ್ದರು ಎಂದೆ. ಹುಡುಗ ಏನೂ ಹೇಳಲಿಲ್ಲ. ಆದರೆ ಅವನ ನಡಿಗೆ ಚುರುಕಾಯಿತು.

ಮೆಜೆಸ್ಟಿಕ್ಕಿನಲ್ಲಿ ನೆಲದಡಿಗೆ ಇಳಿದು ಮೆಟ್ರೋದ ಹಸಿರು ಮಾರ್ಗದ ರೈಲನ್ನು ಹಿಡಿದೆವು. ಚಿಕ್ಕಪೇಟೆ ದಾಟಿ ರೈಲು ಕೃಷ್ಣರಾಜ ಮಾರುಕಟ್ಟೆಯ ನಿಲ್ದಾಣದಲ್ಲಿ ನಿಂತಿತು. ನಮ್ಮ ತಲೆಯ ಮೇಲೆ ಹೂವು ತರಕಾರಿಗಳ ಸಂತೆ. ಆ ಮಾರುಕಟ್ಟೆಯ ಬಳಿಯಿದ್ದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿಯೇ 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನಾ" ತೆರೆಕಂಡದ್ದು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರು ನಟಿಸಿದ ಆ ಚಿತ್ರದ ಪ್ರತಿ ಇಂದು ನೋಡಲು ದೊರೆಯದು. ತೆರೆಯ ಮೇಲಿನ ನೆರಳು ಕನ್ನಡದಲ್ಲಿ ಮಾತಾಡಿದ್ದನ್ನು ಮೊತ್ತಮೊದಲು ಕೇಳಿದ ಬೆಂಗಳೂರಿಗರ ಬೆರಗು ಎಂಥದಿದ್ದೀತು! ನಿಲ್ದಾಣದಲ್ಲಿ ರೈಲು ನಿಂತದ್ದು ಅರ್ಧ ನಿಮಿಷ. ಅಷ್ಟರಲ್ಲಿ ಇಷ್ಟನ್ನು ಹೇಳಿ ಮುಗಿಸಬೇಕಾದರೆ ಮೇಷ್ಟ್ರ ವೃತ್ತಿಯಲ್ಲಿ ಕೆಲವು ವರ್ಷಗಳ ಅಭ್ಯಾಸ ಬೇಕು.

ಬನಶಂಕರಿ ಎರಡನೆಯ ಹಂತದಲ್ಲಿರುವ ಸುಚಿತ್ರಾ ಸಂಸ್ಥೆ 1971ರಲ್ಲಿ ಒಂದು ಫಿಲ್ಮ್ ಸೊಸೈಟಿಯಾಗಿ ಹುಟ್ಟಿತು. ಆ ಕಾಲವೇ ಅಂಥದು. 1970ರ "ಸಂಸ್ಕಾರ" ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತ್ತು. ಇನ್ನೆರಡು ವರ್ಷ ಕಳೆದು, 1973ರಲ್ಲಿ, ಸಾಗರದ ಬಳಿಯ ಹೆಗ್ಗೋಡು ಎಂಬ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ತನ್ನದೇ ಚಿತ್ರಸಮಾಜವನ್ನು ಆರಂಭಿಸಿ, ಅಡಕೆತೋಟದ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸತೊಡಗಿತು. ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿದ ಗಿರೀಶ್ ಕಾಸರವಳ್ಳಿ ಪುಣೆಯ ಸಂಸ್ಥೆಯನ್ನು ಸೇರಿದ್ದು ಆ ದಶಕದಲ್ಲಿಯೇ. 1977ರ "ಘಟಶ್ರಾದ್ಧ"ದೊಡನೆ ಅವರ ಹೆಸರು ನಾಡಿನ ಹೊರಗೂ ಕೇಳಿಸಿತು. ಚಿತ್ರವನ್ನು ಪುಸ್ತಕದಂತೆ ಓದಬಹುದು, ಓದಿದುದನ್ನು ಕುರಿತು ಚರ್ಚಿಸಬಹುದು ಎಂಬ ಮಾತು ಕನ್ನಡದಲ್ಲಿ ಬೇರೂರಿದುದು ಇಂಥ ಪುಟ್ಟ ಸಂಘಗಳಿಂದ.

ಆ ಸಂಜೆಯ ಚಿತ್ರ "ಚೋಮನ ದುಡಿ." ಶಿವರಾಮ ಕಾರಂತರ ಕಾದಂಬರಿ ಪ್ರಕಟವಾದದ್ದು 1933ರಲ್ಲಿ, ಬಿ.ವಿ. ಕಾರಂತರು ಅದನ್ನು ತೆರೆಗೆ ತಂದದ್ದು 1975ರಲ್ಲಿ. ಅದಕ್ಕೂ ಸ್ವರ್ಣಕಮಲ ದೊರೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರು ಆ ವರ್ಷದ ಶ್ರೇಷ್ಠ ನಟರೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಕಥೆ ಓದುಗರಿಗೆ ತಿಳಿದೇ ಇದೆ. ಒಂದು ತುಂಡು ಭೂಮಿಯನ್ನು ಉತ್ತು ಬೇಸಾಯ ಮಾಡಬೇಕೆಂಬುದು ಚೋಮನ ಜನ್ಮದ ಆಸೆ. ಹುಟ್ಟಿದ ಜಾತಿಯ ಕಾರಣದಿಂದ ಅದು ಕೈಗೂಡದು. ಮಕ್ಕಳು ಒಬ್ಬೊಬ್ಬರಾಗಿ ಸಾವಿಗೋ, ತೋಟದ ಕೂಲಿಗೋ, ಬೇರೆ ಮತಕ್ಕೋ ಸಂದುಹೋಗುತ್ತಾರೆ. ಎತ್ತುಗಳಿದ್ದುವು, ನೇಗಿಲಿತ್ತು, ನೆಲವೊಂದಿರಲಿಲ್ಲ. ಕೊನೆಗೆ ಅವನಿಗೆ ಉಳಿಯುವುದು ದುಡಿಯ ಸದ್ದು ಮಾತ್ರ.

ಹುಡುಗ ಇದೇ ಚಿತ್ರವನ್ನು ಹಿಂದೊಮ್ಮೆ ಮೊಬೈಲಿನಲ್ಲಿ ನೋಡಿದ್ದನಂತೆ. "ಆಗ ದುಡಿ ಬಾರಿಸೋದು ಇಷ್ಟು ಹೊತ್ತು ಅಂತ ಗೊತ್ತಾಗಲಿಲ್ಲ ಸಾರ್. ಮುಂದಕ್ಕೆ ತಳ್ಳಿಬಿಟ್ಟಿದ್ದೆ" ಎಂದ. ಈ ಒಂದು ಮಾತಿನಲ್ಲಿ ಎಷ್ಟೋ ಉಪನ್ಯಾಸಗಳ ಸಾರವಿದೆ. ಮೊಬೈಲಿನಲ್ಲಿ ಚಿತ್ರ ನಮ್ಮ ಕೈಯಲ್ಲಿರುತ್ತದೆ. ಮಂದಿರದ ಕತ್ತಲೆಯಲ್ಲಿ ನಾವು ಚಿತ್ರದ ಕೈಯಲ್ಲಿರುತ್ತೇವೆ. ಬಿಡಿಸಿ ನೋಡಿ ಕಲಿಯುವುದಕ್ಕೆ ಮೊದಲನೆಯದು ಒಳ್ಳೆಯದು. ಆದರೆ ನಮಗೆ ಬೇಡವೆನಿಸಿದ ದುಃಖವನ್ನು ಮುಂದಕ್ಕೆ ತಳ್ಳಲಾಗದಂತೆ ಕುಳಿತು ಪೂರ್ತಿಯಾಗಿ ಅನುಭವಿಸುವುದಕ್ಕೆ ಎರಡನೆಯದೇ ಬೇಕು. ಒಂದೊಂದು ಚಿತ್ರಮಂದಿರ ಮುಚ್ಚಿದಾಗಲೂ ಒಂದು ಊರು ಹೀಗೆ ಒಟ್ಟಿಗೆ ಕುಳಿತುಕೊಳ್ಳುವ ಒಂದು ಜಗುಲಿಯನ್ನು ಕಳೆದುಕೊಳ್ಳುತ್ತದೆ.

ಹೊರಗೆ ಬಂದು ಕಾಫಿ ಕುಡಿಯುತ್ತಿದ್ದಾಗ ಹುಡುಗ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ. ಅರ್ಧ ತಣಿದ ಮೇಲೆ ಹೇಳಿದ:

"ಸಾರ್, ಚೋಮನಿಗೆ ಜೀವಮಾನವಿಡೀ ಬೇಡಿದರೂ ಒಂದು ತುಂಡು ನೆಲ ಸಿಗಲಿಲ್ಲ. ನಮ್ಮಪ್ಪ ಐದು ಎಕರೆ ಇಟ್ಟುಕೊಂಡು, ತಗೋ ಅಂತಾರೆ. ನಾನು ಬೇಡ ಅಂತೀನಿ. ಇದನ್ನು ಪ್ರಬಂಧದಲ್ಲಿ ಬರೀಬಹುದಾ?"

ಪಠ್ಯಕ್ರಮದಲ್ಲಿ ಇದಕ್ಕೆ ಉತ್ತರವಿಲ್ಲ. ಕಾದಂಬರಿಗೂ ಚಿತ್ರಕ್ಕೂ ಇರುವ ಸಾಮ್ಯ ವ್ಯತ್ಯಾಸಗಳನ್ನು ಪಟ್ಟಿಮಾಡಿದರೆ ಹತ್ತಕ್ಕೆ ಏಳು ಅಂಕ ಕೊಡಬಹುದು. ಆದರೆ ಒಬ್ಬ ರೈತನ ಮಗನಿಗೆ ಚೋಮನನ್ನು ಕಂಡು ತನ್ನ ತಂದೆಯ ನೆನಪಾದರೆ, ಕೃತಿ ತನ್ನ ಕೆಲಸವನ್ನು ಮಾಡಿದೆಯೆಂದೇ ಅರ್ಥ. "ಬರೆ" ಎಂದೆ. "ಆದರೆ ಪ್ರಬಂಧದಲ್ಲಿ ಬರೆಯುವುದಕ್ಕೆ ಮುಂಚೆ ಅದನ್ನು ಕೇಳಬೇಕಾದವರು ಬೇರೊಬ್ಬರಿದ್ದಾರೆ."

ಭಾನುವಾರ ಬೆಳಗ್ಗೆ ಹಾಸ್ಟೆಲಿನಲ್ಲಿ ನಡೆದದ್ದನ್ನು ಅವನೇ ಮುಂದೆ ವರದಿ ಮಾಡಿದ. ಆರರಿಂದ ಎಂಟರವರೆಗೆ ಇತಿಹಾಸ. ಎಂಟಕ್ಕೆ ಉಪ್ಪಿಟ್ಟು. ಆಮೇಲೆ ಪ್ರಬಂಧ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಪುಟ. ಬಟ್ಟೆ ಒಗೆಯುವುದು ಯೋಜನೆಯಲ್ಲಿತ್ತು, ಕಾರ್ಯರೂಪಕ್ಕೆ ಬರಲಿಲ್ಲ. ಸರಕಾರದ ಪಂಚವಾರ್ಷಿಕ ಯೋಜನೆಗಳಲ್ಲಿಯೂ ಇಂಥವು ಉಳಿದುಹೋಗುತ್ತಿದ್ದುವಷ್ಟೆ.

ಆ ವೇಳೆಗೆ ತಂದೆ ಹಾಸ್ಟೆಲಿಗೆ ಬಂದರು. ಯಶವಂತಪುರದ ಮಾರುಕಟ್ಟೆಯಲ್ಲಿ ಶನಿವಾರದ ವ್ಯಾಪಾರ ಮುಗಿಸಿ, ರಾತ್ರಿ ಬಂಧುಗಳ ಮನೆಯಲ್ಲಿ ತಂಗಿದ್ದರು. ಈರುಳ್ಳಿಗೆ ಬಂದ ಬೆಲೆಯನ್ನು ಯಾರೂ ಕೇಳಲಿಲ್ಲ. ಅವರ ಮುಖವೇ ಹೇಳುತ್ತಿತ್ತು, ಮೋಸವಿಲ್ಲ, ಲಾಭವೂ ಇಲ್ಲ. ಮೂರನೆಯ ಚಿತ್ರಕ್ಕೆ ತಂದೆಯನ್ನೂ ಕರೆದುಕೊಂಡು ಹೋಗುವುದೆಂದು ಹುಡುಗ ನಿಶ್ಚಯಿಸಿದ್ದ. ಒತ್ತಾಯದಿಂದ ನನ್ನನ್ನೂ ಕರೆದ. ಇಂಥ ಕರೆಗಳಲ್ಲಿ ಮೇಷ್ಟ್ರ ಪಾತ್ರ ಸಾಕ್ಷಿದಾರನದು ಎಂಬುದನ್ನು ಅರಿತೇ ಹೋದೆ.

ಕೆಂಪೇಗೌಡ ರಸ್ತೆಯಲ್ಲಿ ಉಳಿದಿರುವ ಚಿತ್ರಮಂದಿರಗಳಲ್ಲೊಂದರ ಮುಂದೆ ಮೂವರೂ ಸೇರಿದೆವು. ಚಿತ್ರ ಹೊಸದು, ಹೊಡೆದಾಟ, ಹಾಸ್ಯ, ಹಾಡು ಎಲ್ಲವೂ ತಕ್ಕ ಪ್ರಮಾಣದಲ್ಲಿದ್ದ ಸಾಮಾನ್ಯ ಚಿತ್ರ. ತಂದೆ ಕುರ್ಚಿಯ ಅಂಚಿನಲ್ಲಿ ಕುಳಿತು, ಟವಲನ್ನು ಮಡಿಲಲ್ಲಿಟ್ಟುಕೊಂಡು, ನಗುವಲ್ಲಿ ನಕ್ಕು, ಸುಮ್ಮನಿರುವಲ್ಲಿ ಸುಮ್ಮನಿದ್ದು ನೋಡಿದರು. ಮಧ್ಯಂತರದಲ್ಲಿ, ಇದೇ ರಸ್ತೆಯಲ್ಲಿ "ಬಂಗಾರದ ಮನುಷ್ಯ" ಎರಡು ವರ್ಷ ಓಡಿದ ಸಂಗತಿಯನ್ನು ನಾನು ಎತ್ತಿದೆ. ಅವರ ಕಣ್ಣು ಅರಳಿತು.

"ನಮ್ಮೂರಿಗೆ ಟೆಂಟಿನಾಗೆ ಬಂದಿತ್ತು, ಮೇಷ್ಟ್ರೇ. ನಾನಿನ್ನೂ ಚಿಕ್ಕೋನು. ಅದನ್ನ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಬಂದೋರ ಕತೆ ಎಲ್ಲಾರೂ ಹೇಳ್ತಾರೆ. ಬಂದ ಮ್ಯಾಲೆ ಅವರಿಗೆ ಏನಾತು ಅಂತ ಯಾರೂ ಸಿನಿಮಾ ತೆಗೀಲಿಲ್ಲ ನೋಡ್ರಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಅಷ್ಟಕ್ಕೂ ಕೊನೆಗೆ ರಾಜಕುಮಾರೂ ಊರು ಬಿಟ್ಟು ಹೊಂಟು ಹೋಗ್ತಾನಲ್ಲ."

ಆ ಚಿತ್ರವನ್ನು ಕುರಿತು ನಾನು ಓದಿರುವ ಲೇಖನಗಳು ಅನೇಕ. ಬಂಜರು ನೆಲವನ್ನು ಹಸನುಮಾಡಿದ ರಾಜೀವ, ಎಲ್ಲವನ್ನೂ ಇತರರಿಗೆ ಬಿಟ್ಟು ಬರಿಗೈಯಲ್ಲಿ ನಡೆದುಹೋಗುವ ಆ ಕೊನೆಯನ್ನು ಈ ರೈತನಷ್ಟು ಚೊಕ್ಕಟವಾಗಿ ಎತ್ತಿ ಹಿಡಿದವರು ಕಡಮೆ. ಮಗ ಚಟ್ಟನೆ ತಂದೆಯ ಕಡೆ ತಿರುಗಿದ. ಅವನ ಹಾಳೆಯ ಮೂರನೆಯ ಅಂಕಣಕ್ಕೆ ಹೊತ್ತು ಗೊತ್ತಾದಂತೆ ತೋರಿತು. ಆದರೆ ಅಷ್ಟರಲ್ಲಿ ದೀಪ ಆರಿತು.

ಚಿತ್ರ ಮುಗಿಯಿತು. ಜನರೆಲ್ಲ ಬಾಗಿಲ ಕಡೆ ನುಗ್ಗಿದರು. ಹುಡುಗ ಮಾತ್ರ ಏಳಲಿಲ್ಲ. ತೆರೆಯ ಮೇಲೆ ಹೆಸರುಗಳ ಸಾಲು ಮೇಲೇರುತ್ತಿದ್ದುದನ್ನೇ ನೋಡುತ್ತಿದ್ದ. ತಂದೆಯೂ ಕುಳಿತರು.

"ಇಷ್ಟೊಂದು ಜನ ಯಾರಪ್ಪ ಇವರೆಲ್ಲ?"

"ಕೆಲಸ ಮಾಡಿದೋರು, ಅಪ್ಪ. ಬೆಳಕು ಹಿಡಿದೋರು, ಶಬ್ದ ಕೂಡಿಸಿದೋರು. ಅಗೋ, ಸಂಕಲನ ಅಂತ ಬಂತಲ್ಲ. ತೆಗೆದದ್ದನ್ನೆಲ್ಲ ಆರಿಸಿ, ಬೇಡದ್ದನ್ನ ಬಿಟ್ಟು, ಬೇಕಾದ್ದನ್ನ ಜೋಡಿಸೋ ಕೆಲಸ. ಅದನ್ನ ಕಲೀಬೇಕು ಅಂತಿದೀನಿ ನಾನು. ಪುಣೆಯಲ್ಲಿ ಹೇಳಿಕೊಡ್ತಾರೆ. ಡಿಗ್ರಿ ಆದ ಮೇಲೆ ಪರೀಕ್ಷೆ ಬರೀಬೇಕು."

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಕಸಗುಡಿಸುವ ಹೆಂಗಸು ಮುಂದಿನ ಸಾಲಿಗೆ ಬಂದಿದ್ದಳು. ತಂದೆ ತೆರೆಯ ಮೇಲಿನ ಕೊನೆಯ ಹೆಸರು ಹೋಗುವವರೆಗೂ ಮಾತಾಡಲಿಲ್ಲ.

"ಈರುಳ್ಳಿ ಆರಿಸಿದಂಗೆ ಅನ್ನು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದರಾಗೆ ಸಂಬಳ ಐತಾ ಮೇಷ್ಟ್ರೇ?" ಎಂದು ಕೇಳಿದರು.

"ಕಲಿತವರಿಗೆ ಕೆಲಸವುಂಟು, ಕೆಲಸವಿದ್ದಾಗ ಸಂಬಳವುಂಟು. ಪ್ರತಿ ತಿಂಗಳೂ ಇರುತ್ತದೆಂದು ಹೇಳಲಾರೆ. ಪ್ರವೇಶ ಸಿಗುವು­ದೂ ಸುಲಭವಲ್ಲ" ಎಂದೆ. ಸಾಕ್ಷಿದಾರ ಸತ್ಯವನ್ನೇ ಹೇಳಬೇಕಲ್ಲವೆ?

"ಈರುಳ್ಳಿನೂ ಹಂಗೇ ಬಿಡ್ರಿ" ಎಂದು ಅವರು ಎದ್ದರು.

ಚಿತ್ರಮಂದಿರದಿಂದ ಬಸ್ ನಿಲ್ದಾಣದವರೆಗಿನ ದಾರಿ ದೂರದ್ದಲ್ಲ. ಆ ದಾರಿಯಲ್ಲಿ ತಂದೆ ಮಗ ಇಬ್ಬರೂ ಮಾತಾಡಿಕೊಂಡು ಮುಂದೆ ನಡೆದರು. ನಾನು ಬೇಕೆಂದೇ ಹಿಂದೆ ಉಳಿದೆ. ಫೀಜು ಎಷ್ಟು, ಎಷ್ಟು ವರ್ಷ, ಹಾಸ್ಟೆಲು ಇದೆಯೇ, ಸಿಗದಿದ್ದರೆ ಏನು ಮಾಡುತ್ತೀಯೆ ಎಂಬ ಪ್ರಶ್ನೆಗಳು ವಾಹನಗಳ ಗದ್ದಲದ ನಡುವೆ ತುಣುಕು ತುಣುಕಾಗಿ ಕೇಳಿಸುತ್ತಿದ್ದುವು. ಸಿಗದಿದ್ದರೆ ಬಿ.ಎಡ್. ಎಂಬ ಉತ್ತರವೂ ಕೇಳಿಸಿತು. ಅವರು ಹೌದೆಂದೂ ಹೇಳಲಿಲ್ಲ, ಕೂಡದೆಂದೂ ಹೇಳಲಿಲ್ಲ. ಚಳ್ಳಕೆರೆಯ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಮಗನಿಗೆ ನೂರರ ಎರಡು ನೋಟು ಕೊಟ್ಟು ಹೇಳಿದ್ದು ಇಷ್ಟೆ:

"ಮೊದಲು ಡಿಗ್ರಿ ಮುಗಿಸು. ಆ ಪರೀಕ್ಷೆನೂ ಬರಿ. ಮುಂದಿನ ಬೆಳೆ ರೇಟು ನೋಡಿ ಮಾತಾಡಾನ."

ನಮ್ಮ ಹಿರಿಯರು ಓದನ್ನೂ ನೋಟವನ್ನೂ ಎರಡು ಬೇರೆ ಮನೆಗಳೆಂದು ಬಗೆದು, ಒಂದಕ್ಕೆ ಹೋಗುವವನು ಇನ್ನೊಂದಕ್ಕೆ ಬೆನ್ನುಮಾಡಿದನೆಂದು ಅಂಜಿದರು. ಅಂಜಿಕೆಗೆ ಕಾರಣವಿಲ್ಲದೆ ಇಲ್ಲ. ಹೊತ್ತುಗಳೆಯಲು ಹೋಗುವವನಿಗೆ ಎರಡು ಮನೆಗಳೂ ಒಂದೇ. ಆದರೆ ತನ್ನ ಹೊತ್ತನ್ನು ಅಡಿಗೋಲಿನಿಂದ ಗೆರೆ ಎಳೆದು ಹಂಚಿಕೊಂಡ ವಿದ್ಯಾರ್ಥಿಗೆ ಕಾಲೇಜಿನ ಬೆಂಚಿನಲ್ಲಿ ಆರಂಭವಾದ ಪಾಠ ಚಿತ್ರಮಂದಿರದ ಕುರ್ಚಿಯಲ್ಲಿ ಮುಂದುವರಿಯಬಲ್ಲುದು. ಅದು ಕೆಲವೊಮ್ಮೆ ಬಸ್ ನಿಲ್ದಾಣದಲ್ಲಿ ತಂದೆಯ ಎದುರಿಗೂ ಮುಂದುವರಿಯುತ್ತದೆ. ಅಂಥವನಿಗೆ ಪಾಠಶಾಲೆಯಷ್ಟೇ ಚಿತ್ರಶಾಲೆಯೂ ಸಮೀಪದಲ್ಲಿರಬೇಕು. ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಎರಡೂ ಸಿಗುವ ರಸ್ತೆಗಳು ನಮ್ಮಲ್ಲಿ ಎಷ್ಟಿವೆ? ಇದ್ದ ಒಂದರಲ್ಲಿ ಹೆಸರುಗಳು ಮಾತ್ರ ಉಳಿಯುವ ಕಾಲ ಬಾರದಿರಲಿ.

ಸೋಮವಾರ ಬೆಳಗ್ಗೆ ಪ್ರಬಂಧ ನನ್ನ ಮೇಜಿನ ಮೇಲಿತ್ತು. ಒಂಬತ್ತು ಪುಟಗಳಿದ್ದುದು ಹನ್ನೊಂದಾಗಿತ್ತು. ಕೊನೆಯ ಎರಡು ಪುಟಗಳ ಶಾಯಿ ಬೇರೆ ಬಣ್ಣದ್ದು. ರಾತ್ರಿ ಬಸ್ಸು ಹೋದ ಮೇಲೆ ಬರೆದದ್ದಿರಬೇಕು.